ಸವಾಲು-ಜವಾಬಿನ ನಡುವೆ ಕೂತವಳು

ಚೆಲುವೆಯಾಗಿದ್ದರೆ ನನಗೆ ಅಷ್ಟು ಉರಿಯುತ್ತಿರಲಿಲ್ಲ. ಆಕೆ ಚೆಲುವೆಯಲ್ಲ. ಮುಂದಿನ ಹಲ್ಲು ಸ್ವಲ್ಪ ಉಬ್ಬು, ಬಣ್ಣದಲ್ಲಿ ನನಗಿಂತ ಒಂದು ಕೈ ಕಪ್ಪು, ನಡೆದರೆ ಗಂಡಸರ ದಾಪುಗಾಲು. ಮೊದಲ ದಿನ ಬಾಗಿಲಲ್ಲಿ ನಿಂತು ಇಷ್ಟನ್ನೂ ಅಳೆದು ನೋಡಿ, ನಾನು ಸಮಾಧಾನದಿಂದಲೇ ಆಕೆಯನ್ನು ಒಳಗೆ ಕರೆದೆ. ಆ ಸಮಾಧಾನ ದೀಪ ಹಚ್ಚುವ ಹೊತ್ತಿನವರೆಗೂ ಉಳಿಯಲಿಲ್ಲ.

ಅದು ದೊಡ್ಡ ಯುದ್ಧ ನಡೆದಿದ್ದ ಕಾಲ. ನಾವು ಆಗ ಯಲಬುರ್ಗಾದಲ್ಲಿದ್ದೆವು. ನಮ್ಮವರು ಅಲ್ಲಿಯ ಗಂಡುಮಕ್ಕಳ ಸಾಲೆಯಲ್ಲಿ ಮಾಸ್ತರರು, ಆದರೆ ಸನದಿಲ್ಲದ ಮಾಸ್ತರರು. ನಿಜಾಮನ ಸೀಮೆಯಲ್ಲಿ ಮಾಸ್ತರಿಕೆ ಖಾಯಂ ಆಗಬೇಕಾದರೆ ಪರೀಕ್ಷೆಗೆ ಕೂತು ಸನದು, ಅಂದರೆ ಸರಕಾರದ ಯೋಗ್ಯತಾಪತ್ರ, ತರಬೇಕಿತ್ತು. ನಮ್ಮವರು ಒಮ್ಮೆ ಕೂತು ನಪಾಸಾಗಿ ಬಂದಿದ್ದರು. ಈ ಸಲವೂ ನಪಾಸಾದರೆ ಸಾಲೆ ಬಿಟ್ಟು ಹಿಟ್ನಾಳದ ಕಡೆಯ ಅವರ ಹಳ್ಳಿಗೆ ಹೋಗಿ ಅಣ್ಣಂದಿರ ಹಿಂದೆ ಕುಂಟೆ ಹೊಡೆಯುವುದೇ ಗತಿ. ಅವರ ಕೈಗಳನ್ನು ನೋಡಿದ ಯಾರೇ ಆದರೂ ಇವು ಕುಂಟೆ ಹಿಡಿಯುವ ಕೈಗಳಲ್ಲ ಎಂದು ಹೇಳಿಬಿಡುತ್ತಿದ್ದರು.

ಆಕೆ ಹೆಣ್ಣುಮಕ್ಕಳ ಸಾಲೆಗೆ ಹೊಸದಾಗಿ ಬಂದ ಹಂಗಾಮಿ ಅಕ್ಕೋರು. ನಮ್ಮ ಕಡೆ ಹೆಣ್ಣು ಮಾಸ್ತರರನ್ನು ಅಕ್ಕೋರು ಎನ್ನುತ್ತೇವೆ. ಊರು ಗಂಗಾವತಿ, ತಾಯಿ ಸೂಲಗಿತ್ತಿ. ಚಿಕ್ಕಂದಿನಲ್ಲಿ ಸೋದರಮಾವನ ಮನೆಯಲ್ಲಿದ್ದು ಸರಹದ್ದಿನಾಚೆ ಗದಗಿನಲ್ಲಿ ಕನ್ನಡ ಸಾಲೆ ಕಲಿತವಳು. ಹನುಮನಹಳ್ಳಿಗೆ ಲಗ್ನ ಮಾಡಿ ಕೊಟ್ಟಿದ್ದರು. ಗಂಡನ ಹೊಡೆತ ತಾಳದೆ ಬಿಟ್ಟುಬಂದಿದ್ದಳು. ಆಕೆಗೂ ಸನದು ಬೇಕಿತ್ತು. ಅದು ಸಿಗದಿದ್ದರೆ ಆಕೆಗೆ ಉಳಿದ ದಾರಿ ಒಂದೇ, ಹೊಡೆಯುವವನ ಮನೆಗೆ ತಿರುಗಿ ಹೋಗುವುದು.

ಕನ್ನಡ, ಲೆಕ್ಕ, ಪಾಠ ಹೇಳುವ ರೀತಿ ಇವೆಲ್ಲ ಆಕೆಗೆ ನೀರು ಕುಡಿದಷ್ಟು ಸುಲಭ. ಉರ್ದು ಮಾತ್ರ ಕಬ್ಬಿಣದ ಕಡಲೆ. ನಮ್ಮವರದು ತಿರುಗಾಮುರುಗಾ. ಅವರು ಓದಿದ್ದೆಲ್ಲ ಉರ್ದುವಿನಲ್ಲಿ. ಮನೆಯ ಮಾತು ಕನ್ನಡವಾದರೂ ಅದರಲ್ಲಿ ನಾಲ್ಕು ಸಾಲು ಬರೆಯಲು ಕೂತರೆ ಹಣೆ ಬೆವರುತ್ತಿತ್ತು. ಇದನ್ನು ಕಂಡು ಸಾಲೆಯ ದೊಡ್ಡ ಮಾಸ್ತರರು ಇಬ್ಬರನ್ನೂ ಕರೆದು ಒಂದು ದಾರಿ ಹೇಳಿದ್ದರು. "ನೀವು ಆಕೀಗಿ ಉರ್ದು ಸವಾಲು ಹಾಕ್ರಿ, ಆಕಿ ನಿಮಗ ಕನ್ನಡ ಸವಾಲು ಹಾಕ್ಲಿ. ಹಳೇ ಇಮ್ತಿಹಾನಿನ ಪರ್ಚೆ ನಾ ಕೊಡತೇನಿ. ಸವಾಲು-ಜವಾಬು ಮಾಡಿದಷ್ಟೂ ಪಕ್ಕಾ ಆಗತೈತಿ." ಇಮ್ತಿಹಾನ್ ಅಂದರೆ ಪರೀಕ್ಷೆ, ಪರ್ಚೆ ಅಂದರೆ ಅದರ ಪ್ರಶ್ನೆಪತ್ರಿಕೆ. ಹಾಗೆ ಹಳೆಯ ಪರ್ಚೆಗಳ ಒಂದು ಕಟ್ಟು ನಮ್ಮ ಮನೆ ಸೇರಿತು, ಅದರ ಹಿಂದೆಯೇ ಆಕೆಯೂ ಬಂದಳು.

ಪರಗಂಡಸು ಪರಹೆಂಗಸು ಕೂತು ಓದುವುದೆಂದರೆ ಊರು ಸುಮ್ಮನಿರುತ್ತದೆಯೇ. ಅದಕ್ಕೆ ಆಗ ಒಂದು ರೂಢಿಯಿತ್ತು: ಮನೆಯ ಹೆಣ್ಣುಮಗಳೊಬ್ಬಳು ಇಬ್ಬರ ನಡುವೆ ಕೂರಬೇಕು. ಕೈಯಲ್ಲಿ ಏನಾದರೂ ಕೆಲಸವಿರಬೇಕು, ಇಲ್ಲದಿದ್ದರೆ ಕಾವಲು ಕೂತ ಹಾಗೆ ಕಾಣುತ್ತದೆ. ನಾನು ಹಳೆಯ ಸೀರೆಗಳ ಚೂರು ಸೇರಿಸಿ ಕೌದಿ ಹೊಲಿಯಲು ಹಿಡಿದೆ. ಚಿಮಣಿ ಎಣ್ಣೆ ಸಿಗದ ದಿನಗಳಾದ್ದರಿಂದ ಸಾಲೆ ಬಿಟ್ಟಮೇಲೆ ಹೊತ್ತು ಮುಳುಗುವವರೆಗಷ್ಟೇ ಓದು. ಒಂದು ಕಡೆ ನಮ್ಮವರು, ಇನ್ನೊಂದು ಕಡೆ ಆಕೆ, ನಡುವೆ ನಾನು ಮತ್ತು ನನ್ನ ಕೌದಿ.

ಮೊದಲ ದಿನವೇ ನಮ್ಮವರು ಟ್ರಂಕಿನಿಂದ ಜಮಖಾನ ತೆಗೆದು ಹಾಸಿದರು. ಇಟಗಿಯ ನನ್ನ ತವರಿನಿಂದ ಬಂದ ಜಮಖಾನ ಅದು. ಹಬ್ಬಕ್ಕೂ ಮಡಿಕೆ ಬಿಚ್ಚಿರಲಿಲ್ಲ. ಅಡಿಗೆಮನೆಯಿಂದ ಅತ್ತೆ ಇಣುಕಿ ನೋಡಿ, ನನಗಷ್ಟೇ ಕೇಳುವಂತೆ, "ಬೆಂಕಿ ಬಾಜೂಕ ಬೆಣ್ಣಿ ಇಟ್ಟು ಕರಗಬ್ಯಾಡ ಅಂದ್ರ ಕೇಳತೈತೇನು?" ಎಂದರು. ಮುಂದೆ ಎಷ್ಟೋ ದಿನ ಅವರು ಈ ಮಾತನ್ನು ರೊಟ್ಟಿಯ ಜೊತೆ ಬಡಿಸುತ್ತಲೇ ಇದ್ದರು.

ಜಮಖಾನವನ್ನಾದರೂ ನಾನು ನುಂಗಿಕೊಳ್ಳುತ್ತಿದ್ದೆ. ಆಕೆ ಕೂತ ಕೂಡಲೇ ನಮ್ಮವರು ಕೇಳಿದರು: "ಬಿಸಲಾಗ ಬಂದೀರಿ. ನೀರು ಕುಡೀತೀರೇನ್ರಿ ಅಕ್ಕೋರ?"

ನನ್ನ ಸೂಜಿ ನಿಂತಿತು. ನನ್ನ ಲಗ್ನವಾಗಿ ಮೂರನೆಯ ವರ್ಷ ನಡೆದಿತ್ತು. ಆ ಮನೆಯಲ್ಲಿ ನನಗೆ ಎಲ್ಲರೂ ಹೇಳುವವರೇ. ನೀರು ಕೊಡು, ರೊಟ್ಟಿ ಹಾಕು, ದನದ ಕಡೆ ನೋಡು. ಯಾರಾದರೂ ಕೇಳಿದರೆ ಅದು ಬೈಗುಳವೇ. "ಪಲ್ಯಾಕ ಉಪ್ಪು ಹಾಕೀಯೇನು?" ಎಂದರೆ ಹಾಕಿಲ್ಲ ಎಂದು ಅರ್ಥ. "ಕಣ್ಣು ಕಾಣತಾವೇನು?" ಎಂದರೆ ಅದಕ್ಕೆ ಉತ್ತರ ಕೊಡುವ ಹಾಗೇ ಇಲ್ಲ. ನಿನಗೆ ಏನು ಬೇಕು, ಏನು ಗೊತ್ತು, ಏನನ್ನಿಸುತ್ತದೆ ಎಂದು ಒಬ್ಬರೂ ನನ್ನನ್ನು ಕೇಳಿದ್ದಿಲ್ಲ. ಈಗ ನನ್ನ ಗಂಡ, ನನ್ನ ಮೂಗಿನ ಮುಂದೆಯೇ, ದಿನವೂ ಇಡೀ ಸಂಜೆ ಇನ್ನೊಬ್ಬಳನ್ನು ಕೇಳುತ್ತಲೇ ಇರುತ್ತಾನೆ, ಆಕೆ ಹೇಳಿದ್ದನ್ನು ಕಿವಿಗೊಟ್ಟು ಆಲಿಸುತ್ತಾನೆ. ನನ್ನ ಹೊಟ್ಟೆಗೆ ಬೆಂಕಿ ಬಿದ್ದದ್ದು ಇದಕ್ಕೆ. ಆಕೆಯ ಸೆರಗಿಗಾಗಲಿ ಮುಖಕ್ಕಾಗಲಿ ಅಲ್ಲ.

ಅವರ ಓದು ಹೀಗಿತ್ತು. ಮೊದಲು ನಮ್ಮವರು ಪರ್ಚೆ ನೋಡಿ ಉರ್ದುವಿನಲ್ಲಿ ಕೇಳುವರು, ಮಾಸ್ತರನ ಕರ್ತವ್ಯಗಳು ಯಾವುವು, ಸಾಲೆಯ ಕೋಣೆಗೆ ಗಾಳಿ ಬೆಳಕು ಯಾಕೆ ಬೇಕು, ಇಂಥವು. ಆಕೆ ಜವಾಬುಗಳನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಂಡು ಬಾಯಿಪಾಠ ಮಾಡಿ ಬರುತ್ತಿದ್ದಳು. ಎಡವಿದಲ್ಲಿ ನಮ್ಮವರು ತಿದ್ದುವರು. ಆಮೇಲೆ ಆಕೆಯ ಸರದಿ. "ಕೇಳ್ರಿ ಮಾಸ್ತರ್ರ. ಕೂಸು ಪಾಠದಾಗ ಲಕ್ಷ್ಯ ಕೊಡದಿದ್ರ ಶಿಕ್ಷಕ ಏನು ಮಾಡಬೇಕು?"

"ಪ್ರೀತಿಯಿಂದ, ಆಟದ ಮೂಲಕ, ಕೂಸಿನ ಮನಸ್ಸನ್ನ ಪಾಠದ ಕಡೆ ಎಳೀಬೇಕು," ಎಂದು ನಮ್ಮವರು ಗಿಳಿಪಾಠ ಒಪ್ಪಿಸುವರು. ಅವರ ಸಾಲೆಯ ಹುಡುಗರ ಅಂಗೈ ಯಾವ ಬಣ್ಣದ್ದಿರುತ್ತದೆ ಎಂದು ನನಗೆ ಗೊತ್ತಿತ್ತು. ನನಗೆ ನಗು ಬಂದು ಕೆಮ್ಮಿನಲ್ಲಿ ಮುಚ್ಚಿದೆ. ಆಕೆ ನನ್ನ ಕಡೆ ತಿರುಗಿದಳು, ತುಟಿ ಬಿಗಿಹಿಡಿದುಕೊಂಡಿದ್ದಳು. ನನಗೆ ನಗು ಬಂದದ್ದಕ್ಕೇ ಆಕೆಗೂ ಬಂದಿತ್ತು. ಆ ಕ್ಷಣ ಆಕೆ ಹಿತವೆನಿಸಿದಳು, ಹಿತವೆನಿಸಿದ್ದಕ್ಕೆ ನನಗೆ ಇನ್ನಷ್ಟು ಸಿಟ್ಟು ಬಂತು.

ಸರಿಯಾದ ಜವಾಬಿಗೊಂದು ಹುಣಸೆ ಬೀಜ ಎಂದು ಗೊತ್ತುಮಾಡಿಕೊಂಡಿದ್ದರು. ಬೀಜ ಹಾಕುವ ಕೆಲಸ ನನ್ನದು. ಜವಾಬು ಸರಿಯೋ ತಪ್ಪೋ ನನಗೇನು ತಿಳಿಯಬೇಕು, ಅವರು ಹೂಂ ಎಂದಾಗ ಒಂದು ಬೀಜ ಇಡುವುದು. ಸಂಜೆಗೆ ಆಕೆಯ ಗುಂಪೇ ದೊಡ್ಡದಾಗುತ್ತಿತ್ತು. ನಾನು ಕೌದಿ ಸರಿಪಡಿಸುವ ನೆಪದಲ್ಲಿ ಸೆರಗಿನಿಂದ ಒಂದಿಷ್ಟು ಬೀಜಗಳನ್ನು ನಮ್ಮವರ ಕಡೆಗೆ ಸರಿಸುತ್ತಿದ್ದೆ. ಎಣಿಸಿ ನೋಡಿ ಅವರು ಹಿಗ್ಗುವರು. ಗಂಡ ನನ್ನವನು, ಗೆದ್ದರೆ ಮರ್ಯಾದೆಯೂ ನನ್ನದು, ಇದರಲ್ಲಿ ತಪ್ಪೇನು ಎಂದು ಆಗಲೂ ಅಂದುಕೊಂಡಿದ್ದೆ, ಈಗಲೂ ಹಾಗೇ ಅನ್ನುತ್ತೇನೆ.

ಪರೀಕ್ಷೆಯಲ್ಲಿ ಬರೆಯುವುದಷ್ಟೇ ಅಲ್ಲ, ಸಾಹೇಬರ ಎದುರು ಒಂದು ಪಾಠ ಹೇಳಿ ತೋರಿಸುವುದೂ ಇತ್ತು. ಒಂದಕ್ಷರವೂ ಬಾರದವರಿಗೆ ಮೊದಲ ಪಾಠ ಹೇಗೆ ಹೇಳುವಿರಿ ಎಂಬುದು ಹಳೆಯ ಪರ್ಚೆಗಳಲ್ಲೆಲ್ಲ ಬಂದಿದ್ದ ಪ್ರಶ್ನೆ. ಅದನ್ನು ಬಾಯಿಂದ ಹೇಳಿದರೆ ಸಾಲದು, ಮಾಡಿ ನೋಡಬೇಕು ಎಂದಳು ಆಕೆ. ಸಾಲೆಯ ಮಕ್ಕಳು ಆಗಲೇ ಅಷ್ಟಿಷ್ಟು ಕಲಿತುಬಿಟ್ಟಿದ್ದರು. ಏನೂ ಬಾರದವರನ್ನು ಎಲ್ಲಿಂದ ತರುವುದು ಎಂದು ಇಬ್ಬರೂ ಯೋಚನೆಗೆ ಬಿದ್ದರು.

"ನಮ್ಮನ್ಯಾಗ ಅದಾಳಲ್ಲ ಒಬ್ಬಾಕಿ," ಎಂದರು ನಮ್ಮವರು, ನನ್ನ ಕಡೆ ಗದ್ದ ತೋರಿಸಿ. "ಒಂದಕ್ಷರ ಬರಂಗಿಲ್ಲ. ನಮ್ಮ ಕೆಲಸಕ್ಕ ಹೇಳಿ ಮಾಡಿಸಿದಂಗ ಅದಾಳ."

ಅವರಿಗೆ ಅದರಲ್ಲಿ ಕುಹಕವೇನೂ ಇರಲಿಲ್ಲ. ಮನೆಯಲ್ಲೇ ಉಳಿ ಸಿಕ್ಕ ಬಡಿಗನಷ್ಟು ಸಂತೋಷವಾಗಿತ್ತು. ಆಕೆಯೇ ನನ್ನ ಮುಖ ನೋಡಿ ಕೇಳಿದಳು: "ನಿನಗ ಮನಸ್ಸೈತೇನು ತಂಗಿ? ಬ್ಯಾಡಾದ್ರ ಬ್ಯಾಡ." ಆ ಮನೆಯಲ್ಲಿ ನನಗೆ ಬಂದ ಮೊದಲ ಪ್ರಶ್ನೆ ಅದು. ಅದನ್ನು ಕೇಳಿದವಳು ಆಕೆ ಎಂಬ ಕಾರಣಕ್ಕೆ ನಾನು, "ಅವ್ರು ಹೇಳಿದ ಮ್ಯಾಲ ಮುಗೀತು," ಎಂದು ಮೊಂಡಾಗಿ ಉತ್ತರ ಕೊಟ್ಟೆ.

ಮೊದಲು ನಮ್ಮವರ ಪಾಠ. ಪಾಟಿಯ ಮೇಲೆ ಅ ಬರೆದರು, ಅ ಅನ್ನು ಎಂದರು. ಅ ಎಂದೆ. ಮುಂದಿನದು ಆ ಎಂದರು. ಆ ಎಂದೆ. ಹೀಗೆ ಒಂದು ಉಸಿರಿನಲ್ಲಿ ಸಾಲೆಲ್ಲ ಮುಗಿಸಿ, ನಡುವೆ ಒಂದು ಅಕ್ಷರಕ್ಕೆ ಬೆರಳಿಟ್ಟು, "ಇದು ಯಾವದು?" ಎಂದರು. ನಾನು ಬಾಯಿ ತೆರೆಯುವ ಮೊದಲೇ, "ಈಗ ಹೇಳಿದ್ನೆಲ್ಲ, ಎಲ್ಲಿ ಹೋಗಿತ್ತು ಲಕ್ಷ್ಯ?" ಎಂದು ರೇಗಿದರು. ಪ್ರೀತಿಯೂ ಆಟವೂ ಪರ್ಚೆಯ ಕಟ್ಟಿನಲ್ಲೇ ಉಳಿದುಬಿಟ್ಟಿದ್ದವು.

ಆಮೇಲೆ ಆಕೆ ನನ್ನೆದುರು ಕೂತಳು. ಪಾಟಿ ಮುಟ್ಟಲಿಲ್ಲ. "ಕೊರಳಾಗ ಏನು ಹಾಕ್ಕೊಂಡಿ?" ಎಂದು ಕೇಳಿದಳು.

"ಗುಂಡಿನ ಸರ."

"ಯಾರು ಕೊಟ್ಟದ್ದು?"

"ನಮ್ಮವ್ವ."

"ಬರೇ ಸರ ಅನ್ನು ನೋಡೂಣು. ಸ-ರ. ಎಷ್ಟು ಸಪ್ಪಳ ಕೇಳಿಸಿದ್ವು?"

ನಾನು ಯೋಚಿಸಿದೆ. ಆಕೆ ಕಾಯುತ್ತಿದ್ದಳು. ಯಾರೂ ನನ್ನ ಬಾಯಿಯನ್ನು ನೋಡುತ್ತ ಹಾಗೆ ಕೂತದ್ದು ನನಗೆ ನೆನಪಿಲ್ಲ. "ಎರಡು," ಎಂದೆ. ಆಕೆ ನನ್ನ ಕೌದಿಯ ದಾರ ತೆಗೆದುಕೊಂಡು ಬಟ್ಟೆಯ ಮೇಲೆ ಬಳಸಿಟ್ಟು ಒಂದು ಸ ಮಾಡಿದಳು, ಪಕ್ಕದಲ್ಲಿ ಒಂದು ರ. ನನ್ನ ಬೆರಳು ಹಿಡಿದು ದಾರದ ಮೇಲೆ ಆಡಿಸಿದಳು. ನನ್ನ ಕೊರಳಲ್ಲಿದ್ದದ್ದು ನನ್ನ ತೊಡೆಯ ಮೇಲೆ ಅಕ್ಷರವಾಗಿ ಬಿದ್ದಿತ್ತು.

"ಅ ಬಿಟ್ಟು ಸ ದಿಂದ ಯಾರರ ಸುರು ಮಾಡ್ತಾರೇನ್ರಿ ಅಕ್ಕೋರ?" ನಮ್ಮವರಿಗೆ ಇದು ಸರಿಬರಲಿಲ್ಲ. "ಅಡಿಪಾಯ ಇಲ್ದ ಗ್ವಾಡಿ ಎತ್ತಿದಂಗಾತು."

ಆಕೆ ಜಗಳಕ್ಕೆ ಹೋಗಲಿಲ್ಲ. ದಾರ ಎತ್ತಿ ನನ್ನ ಕೈಗೆ ಕೊಟ್ಟು, "ಈಗ ನೀ ಮಾಡು," ಎಂದಳು.

ನನಗೆ ಬರುತ್ತಿತ್ತು. ಆಕೆ ಬೆರಳು ಬಿಡುವ ಮೊದಲೇ ಬಂದಿತ್ತು. ಆದರೆ ನಮ್ಮವರು ಪಕ್ಕದಲ್ಲೇ ಕೂತಿದ್ದಾರೆ. ಅವರ ಪಾಠಕ್ಕೆ ಬಾಯಿಬಿಡದವಳು ಇವಳ ಪಾಠಕ್ಕೆ ಥಟ್ಟನೆ ಜವಾಬು ಕೊಟ್ಟರೆ ಗೆದ್ದವರು ಯಾರು? ನಾನು ದಾರವನ್ನು ಗಂಟು ಹಾಕಿ ಕೆಡಿಸಿ, "ತಿಳೀವಲ್ದು," ಎಂದೆ. ಮರುದಿನ ನಮ್ಮವರು ಅವರ ಸಾಲಿನಲ್ಲಿ ಸ ಬಂದಾಗ ಬೆರಳಿಟ್ಟು ಕೇಳಿದರೆ, "ಸ," ಎಂದೆ ಗಟ್ಟಿಯಾಗಿ. ಅವರ ಮುಖ ಅರಳಿತು. "ನೋಡಿದ್ರೇನ್ರಿ?" ಎಂದು ಆಕೆಯ ಕಡೆ ನೋಡಿದರು.

ಅಲ್ಲಿಂದ ಇದೇ ಆಟವಾಯಿತು. ಸಂಜೆ ಆಕೆ ಕಲಿಸುವಳು. ನಾನು ಮಂಕು ಬಡಿದವಳ ಹಾಗೆ ಕೂತಿರುವೆ. ಮರುದಿನ ಅದೇ ಅಕ್ಷರವನ್ನು ನಮ್ಮವರಿಗೆ ಒಪ್ಪಿಸುವೆ. ಆಕೆ ಗರಗಸ ಕಲಿಸಿದಳು, ಬಸವ ಕಲಿಸಿದಳು, ದನ, ಮಗ, ಮರ ಕಲಿಸಿದಳು. ಪ್ರತಿ ಸಲವೂ ಒಂದು ಹೊಸ ದಾರಿ ಹಿಡಿದು ಬರುವಳು, ಕಲ್ಲು ಜೋಡಿಸುವಳು, ಬೂದಿ ಹರಡುವಳು, ಬಿಡದೆ ಕೇಳುವಳು. ನಾನು ತಲೆ ಅಲ್ಲಾಡಿಸಿದಷ್ಟೂ ಆಕೆಯ ಪ್ರಶ್ನೆ ಹೆಚ್ಚಾಗುತ್ತಿತ್ತು. ಉತ್ತರ ಕೊಟ್ಟುಬಿಟ್ಟರೆ ಕೇಳುವುದನ್ನು ನಿಲ್ಲಿಸಿಬಿಡುತ್ತಾಳೆ ಎಂಬ ಭಯವೂ ನನಗೆ ಶುರುವಾಗಿತ್ತು. ಹೊಟ್ಟೆಕಿಚ್ಚು ಎಲ್ಲಿ ಮುಗಿದು ಈ ಭಯ ಎಲ್ಲಿ ಹುಟ್ಟಿತೋ ಹೇಳಲಾರೆ.

ನಮ್ಮವರು ಈಗ ಎದೆ ಸೆಟೆಸಿ ಓಡಾಡುತ್ತಿದ್ದರು. "ಕಲಸೂದು ಒಂದು ಕಲಾರಿ ಅಕ್ಕೋರ. ಎಲ್ಲಾರಿಗೂ ಒಲಿಯಂಗಿಲ್ಲ," ಎಂದು ಸಮಾಧಾನ ಹೇಳುವ ಮಟ್ಟಕ್ಕೆ ಬಂದಿದ್ದರು. ಆಕೆ ಬರಬರುತ್ತ ಸಣ್ಣಗಾದಳು. ನಾನದನ್ನು ಕಂಡೆ, ಕಂಡು ಒಳಗೊಳಗೇ ಹಿಗ್ಗಿದೆ.

ರಾಯಚೂರಿಗೆ ಹೊರಡುವ ದಿನ ಹತ್ತಿರ ಬಂತು. ಪರೀಕ್ಷೆ ಅಲ್ಲಿ. ಕೊಪ್ಪಳದವರೆಗೆ ಚಕ್ಕಡಿ, ಅಲ್ಲಿಂದ ರೈಲು, ಗುಂತಕಲ್ಲಿನಲ್ಲಿ ಗಾಡಿ ಬದಲಿಸಬೇಕು. ನಮ್ಮವರು ಚಕ್ಕಡಿ ಗೊತ್ತುಮಾಡಲು ಹೋಗಿದ್ದರು. ಆಕೆ ಬಂದು ಜಮಖಾನದ ಮೇಲೆ ಕೂರದೆ ಹೊಸ್ತಿಲ ಬಳಿ ಬರಿನೆಲದಲ್ಲಿ ಕೂತಳು.

"ನಾ ಬರಂಗಿಲ್ಲ ಅಂತ ಮಾಸ್ತರ್ರಿಗೆ ಹೇಳಿಬಿಡು ತಂಗಿ," ಎಂದಳು.

"ಯಾಕ್ರಿ?"

"ಉರ್ದು ಹೆಂಗರ ಬರದೇನು. ಪಾಠ ಹೇಳಾಕ ನನ್ನ ಕೈಲೆ ಆಗಂಗಿಲ್ಲ. ನಿನ್ನಂಥ ಶಾಣ್ಯಾಕಿಗೇ ನಾಕು ಅಕ್ಷರ ಕಲಸಾಕ ಆಗಲಿಲ್ಲ. ಸಾಹೇಬ್ರ ಮುಂದ ನಿಂತು ನಗಸಾರ್ಕಿ ಆಗೂದಕ್ಕಿಂತ ಹನುಮನಹಳ್ಳಿಗೆ ಹೋಗೂದ ನೆಟ್ಟಗ." ಕಣ್ಣಲ್ಲಿ ನೀರಿತ್ತು, ಒರೆಸಿಕೊಳ್ಳಲಿಲ್ಲ.

ನಾನು ಬೇಡಿಕೊಂಡಿದ್ದ ವರವೇ ಎದುರಿಗೆ ಬಂದು ಕೂತಿತ್ತು. ಹೂಂ ಎಂದಿದ್ದರೆ ಆಕೆ ಎದ್ದು ಹೋಗುತ್ತಿದ್ದಳು. ನನಗೆ ಕರುಣೆ ಬಂತು ಎಂದು ಬರೆದರೆ ಓದುವವರಿಗೆ ಚಂದ ಕಾಣಬಹುದು, ಆದರೆ ನಿಜ ಅದಲ್ಲ. ಆಕೆ ನನ್ನನ್ನು ಶಾಣ್ಯಾಕಿ ಅಂದಿದ್ದಳು. ಹಾಗೆಂದವಳೇ ನನಗೆ ನಾಲ್ಕು ಅಕ್ಷರ ಬರುವುದಿಲ್ಲ ಎಂದು ತಿಳಿದುಕೊಂಡು ಹೋಗಿಬಿಡುತ್ತಾಳಲ್ಲ, ಅದನ್ನು ನನ್ನಿಂದ ಸಹಿಸಲಾಗಲಿಲ್ಲ. ನಾನು ಪಾಟಿ ಎಳೆದುಕೊಂಡೆ. ಸರ ಬರೆದೆ. ಗರಗಸ ಬರೆದೆ. ಬಸವ, ದನ, ಮಗ, ಮರ ಬರೆದೆ. ಜಾಗ ಸಾಲದಾಗ ಪಾಟಿ ತಿರುಗಿಸಿ ಬರೆದೆ. ಆಕೆ ಕಲಿಸದೆ ಇದ್ದ ಒಂದು ಮಾತನ್ನು, ನಾನೇ ಅಕ್ಷರ ಕೂಡಿಸಿ, ಬರೆದೆ: ನಗ.

ಆಕೆ ಪಾಟಿ ನೋಡಿದಳು, ನನ್ನನ್ನು ನೋಡಿದಳು. ಮುಖ ಕೆಂಪಾಯಿತು. "ಬರ್ತಿದ್ವೇನು? ಮೊದಲಿಂದನೂ?"

"ಹೂಂ."

"ಮತ್ತ ನಾ ಮನಿಗೆ ಹೋಗಿ ಅಳೂದು ನಿನಗ ಆಟ ಆಗಿತ್ತೇನು?" ಆಕೆಗೆ ಬಂದ ಸಿಟ್ಟು ಸುಳ್ಳಲ್ಲ. ಒಂದು ಏಟು ಬೀಳುತ್ತದೆ ಎಂದೇ ನಾನು ಎಣಿಸಿದ್ದೆ. ಹೊಡೆಯಲಿಲ್ಲ, ಹೊಗಳಲೂ ಇಲ್ಲ. ಪಾಟಿಯನ್ನು ಸೆರಗಿನಿಂದ ಒರೆಸಿ, ಬಳಪ ನನ್ನ ಕೈಗೆ ತುರುಕಿ, "ಅವರಿ ಬರಿ. ವ ಬರ್ತೈತಿ, ರ ಬರ್ತೈತಿ. ರ ಮ್ಯಾಲ ಏನು ಬಂದ್ರ ರಿ ಆದೀತು? ಯೋಚನಿ ಮಾಡು," ಎಂದಳು. ಸಿಟ್ಟಿನಲ್ಲೇ ಒಂದಾದ ಮೇಲೊಂದು ಕೇಳುತ್ತ ಹೋದಳು. ನಾನು ಹೇಳುತ್ತ ಹೋದೆ. ಅಷ್ಟು ಸುಖದ ಸಂಜೆಯನ್ನು ನಾನು ಆ ಮನೆಯಲ್ಲಿ ಮತ್ತೆ ಕಂಡದ್ದು ಕಡಿಮೆ.

ನಮ್ಮವರು ಬಂದದ್ದು ಇಬ್ಬರಿಗೂ ತಿಳಿಯಲಿಲ್ಲ. ಬಾಗಿಲಲ್ಲಿ ನಿಂತು ಪಾಟಿ ನೋಡುತ್ತಿದ್ದರು. ಅದರ ಮೇಲಿದ್ದದ್ದು ಅವರ ಸಾಲಿನ ಅ ಆ ಅಲ್ಲ. ಅಷ್ಟು ತಿಳಿಯದ ದಡ್ಡರಲ್ಲ ಅವರು. "ಚಕ್ಕಡಿ ಗೊತ್ತಾತು," ಎಂದಷ್ಟೇ ಹೇಳಿ ಒಳಗೆ ಹೋದರು. ರಾಯಚೂರಿಗೆ ಹೊರಡುವವರೆಗೂ ನನ್ನ ಜೊತೆ ಮಾತಿಲ್ಲ, ಆಕೆಯ ಜೊತೆಯೂ ಮಾತಿಲ್ಲ. ಅಲ್ಲಿಯವರೆಗೆ ಒಬ್ಬಳ ಹೊಟ್ಟೆಯಲ್ಲಿದ್ದ ಕಿಚ್ಚು ಇನ್ನೊಬ್ಬರಿಗೂ ಹತ್ತಿಕೊಂಡಿತು.

ಇಬ್ಬರೂ ಪಾಸಾದರು. ಆಕೆ ಮೇಲಿನ ದರ್ಜೆಯಲ್ಲಿ, ನಮ್ಮವರು ಕೆಳಗಿನದರಲ್ಲಿ. ಅವರ ಪಾಠ ಏನಾಯಿತೆಂದು ಎಷ್ಟೋ ವರ್ಷಗಳ ಮೇಲೆ ಅವರೇ ನಗುತ್ತ ಹೇಳಿದರು. ಸಾಹೇಬರ ಎದುರು ಒಬ್ಬ ಹುಡುಗನನ್ನು ನಿಲ್ಲಿಸಿದಾಗ ಇವರು ಅ ಆ ಬಿಟ್ಟು ಆಕೆಯ ದಾರಿಯನ್ನೇ ಹಿಡಿದರಂತೆ. "ಕೊರಳಾಗ ಏನು ಹಾಕ್ಕೊಂಡಿ?" ಎಂದು ಕೇಳಿದರಂತೆ. ಹುಡುಗ ಅಂಗಿಯೊಳಗೆ ಕೈಹಾಕಿ ಲಿಂಗದ ಕರಡಿಗೆ ತೆಗೆದು, "ಲಿಂಗ ಐತ್ರಿ," ಎಂದನಂತೆ. ಸರ ಬರೆಯಲು ಎತ್ತಿದ ಕೈ ಅಲ್ಲೇ ನಿಂತಿತು. ಗುಣಿತ, ಸೊನ್ನೆ ಎರಡೂ ಇರುವ ಲಿಂಗ ಎಂಬುದರಿಂದ ಮೊದಲ ಪಾಠ ಶುರುಮಾಡುವುದು ಯಾರಿಂದಾದೀತು. ಸಾಹೇಬರೇ ನಕ್ಕು, ಬೇರೆ ಏನಾದರೂ ಹೇಳಿಕೊಡಿ ಎಂದು ಪಾರುಮಾಡಿದರಂತೆ.

ಸನದು ಬಂದು ನಮ್ಮವರು ಖಾಯಂ ಆದರು. ಆಕೆಯನ್ನು ಕುಷ್ಟಗಿಯ ಹೆಣ್ಣುಮಕ್ಕಳ ಸಾಲೆಗೆ ಹಾಕಿದರು. ಆಕೆ ಹೋದ ದಿನ ನಾನು ಜಮಖಾನ ಒಗೆದು ಮಡಿಚಿ ಟ್ರಂಕಿನಲ್ಲಿಟ್ಟೆ. ಅತ್ತೆ, "ಪೀಡಾ ಹೋತು," ಎಂದರು. ನನಗೆ ಬೇಕಾದದ್ದೆಲ್ಲ ಸಿಕ್ಕಿತ್ತು. ಗಂಡ ಮನೆಯಲ್ಲಿದ್ದ, ಆಕೆ ಊರಿನಲ್ಲಿರಲಿಲ್ಲ. ಸಂಜೆ ಕೌದಿ ಹಿಡಿದು ಕೂತೆ. ಪಡಸಾಲೆಯಲ್ಲಿ ಯಾರೂ ಯಾರನ್ನೂ ಏನೂ ಕೇಳುತ್ತಿರಲಿಲ್ಲ.

ತಡೆಯಲಾರದೆ ಒಂದು ದಿನ ನಮ್ಮವರಿಗೆ, "ಉಳಿದ ಅಕ್ಷರ ನೀವು ಕಲಸ್ರಿ," ಎಂದೆ.

"ಯಾಕ, ನಿನಗೇನು ಇಮ್ತಿಹಾನ್ ಐತೇನು?" ಎಂದರು. ಮತ್ತೆ ಆ ಮನೆಯ ಪ್ರಶ್ನೆ, ಜವಾಬು ಬೇಡದ ಪ್ರಶ್ನೆ.

ಹಳೆಯ ಪರ್ಚೆಗಳ ಕಟ್ಟು ಗೋಡೆಯ ಮಾಡಿನಲ್ಲೇ ಬಿದ್ದಿತ್ತು. ಯಾರಿಗೂ ಅದರ ಕೆಲಸವಿರಲಿಲ್ಲ. ಉರ್ದುವಿನವನ್ನು ಬದಿಗಿಟ್ಟು ಕನ್ನಡದವನ್ನು ತೆಗೆದುಕೊಂಡೆ. ಆ ಪ್ರಶ್ನೆಗಳು ನನಗೆ ಕಿವಿಯಿಂದ ಬಾಯಿಪಾಠವಾಗಿದ್ದವು. ಗೊತ್ತಿದ್ದ ಮಾತಿನ ಮೇಲೆ ಬೆರಳಿಟ್ಟು ಗೊತ್ತಿಲ್ಲದ ಅಕ್ಷರ ಹಿಡಿಯುವುದು ಅಷ್ಟೇನೂ ಕಷ್ಟವಾಗಲಿಲ್ಲ. ಬೇರೆಯವರು ಕಥೆ ಹಾಡು ಓದಿ ಅಕ್ಷರ ಕಲಿತರೆ ನಾನು ಕಲಿತದ್ದು ಪ್ರಶ್ನೆಗಳನ್ನು ಓದಿ. ಹಾಗೆ ಒತ್ತಕ್ಷರಗಳೂ ಬಂದವು. ಬೀಸುಕಲ್ಲಿನ ಮುಂದೆ ಕೂತು ನನಗೆ ನಾನೇ ಸವಾಲು ಹಾಕಿಕೊಂಡು ನಾನೇ ಜವಾಬು ಕೊಡುತ್ತಿದ್ದೆ. ಅತ್ತೆಗೆ ಸೊಸೆಯ ತಲೆ ಕೆಟ್ಟಿತೋ ಎಂದು ಅನುಮಾನ ಬಂದಿತ್ತು.

ಮುಂದಿನ ವರ್ಷ ಬಸುರಿಯಾಗಿದ್ದ ನಾದಿನಿಯ ಕುಪ್ಪಸದ ಕಾರ್ಯಕ್ಕೆ ಕುಷ್ಟಗಿಗೆ ಹೋಗುವುದು ಬಂತು. ಎಲ್ಲರೂ ಹಾಡು ಹೇಳುತ್ತ ಚಕ್ಕಡಿಯಲ್ಲಿ ಕೂತಿದ್ದರೆ ನಾನು ಒಳಗೊಳಗೇ ತಯಾರಿ ನಡೆಸಿದ್ದೆ. ಆಕೆ ನನ್ನನ್ನು ಕಂಡ ಕೂಡಲೇ ಏನು ಕೇಳಬಹುದು? ಎಲ್ಲಿಗೆ ಬಂತು ಓದು ಎನ್ನಬಹುದು. ಎಲ್ಲಿ ಬರಿ, ಒತ್ತಕ್ಷರ ಬರುತ್ತವೋ ನೋಡೋಣ ಎನ್ನಬಹುದು. ನಿನಗೆ ಯಾರು ಕಲಿಸಿದರು ಎನ್ನಬಹುದು. ಒಂದೊಂದಕ್ಕೂ ಜವಾಬು ಕಟ್ಟಿಕೊಂಡೆ, ತಪ್ಪಿದಲ್ಲಿ ತಿದ್ದಿಕೊಂಡೆ. ರಾಯಚೂರಿಗೆ ಹೋದವರು ಕೂಡ ಅಷ್ಟು ಓದಿಕೊಂಡು ಹೋಗಿರಲಿಕ್ಕಿಲ್ಲ.

ಕಾರ್ಯ ಮುಗಿದ ಮರುದಿನ ಸಾಲೆ ಹುಡುಕಿಕೊಂಡು ಹೋದೆ. ಒಂದೇ ಕೋಣೆ, ಬಾಗಿಲು ತೆರೆದಿತ್ತು. ಆಕೆ ನೆಲದ ಮೇಲೆ ಹುಡುಗಿಯರ ನಡುವೆ ಕೂತಿದ್ದಳು. ಎದುರಿಗೆ ಒಂದು ಸಣ್ಣ ಹುಡುಗಿ, ಮೂಗು ಸುರಿಯುತ್ತಿತ್ತು. ಅದರ ಬೆರಳು ಆಕೆಯ ಕೈಯಲ್ಲಿತ್ತು. "ಹಸು ಬರದಿ. ಇದರ ಮುಂದ ಯಾವ ಅಕ್ಷರ ಇಟ್ರ ಹಸುರು ಆಗತೈತಿ?" ಎಂದು ಆಕೆ ಆ ಹುಡುಗಿಯನ್ನು ಕೇಳಿ, ಅದರ ಬಾಯನ್ನೇ ನೋಡುತ್ತ ಕೂತಳು. ಅವಸರವೇ ಇಲ್ಲ, ಜಗತ್ತಿನಲ್ಲಿ ಆ ಹುಡುಗಿಯೊಂದೇ ಇದ್ದ ಹಾಗೆ. ನನ್ನ ಗಂಡನ ಜೊತೆ ಕೂತಾಗ ಆಕೆಯನ್ನು ಕಂಡು ನನಗೆ ಉರಿದದ್ದು ಈ ಉರಿಯ ಮುಂದೆ ಏನೂ ಅಲ್ಲ. ಆ ಮೂಗು ಸುರಿಯುವ ಕೂಸನ್ನು ಎತ್ತಿ ಹೊರಗಿಟ್ಟು ಅದರ ಜಾಗದಲ್ಲಿ ಕೂರಬೇಕು ಅನ್ನಿಸಿತು. ನಾನು ಹೊಸ್ತಿಲಲ್ಲಿ ನಿಂತೇ ಜವಾಬು ಹೇಳಿಬಿಟ್ಟೆ.

ಹುಡುಗಿಯರೆಲ್ಲ ತಿರುಗಿದರು. ಆಕೆ ನನ್ನನ್ನು ನೋಡಿದಳು, ಗುರುತು ಹಿಡಿದಳು. ಹಿಡಿದೂ, "ನಾ ಕೇಳಿದ್ದು ಆಕೀನ್ನ. ನೀವು ಕುಂದರ್ರಿ," ಎಂದಳು. ನೀವು ಎಂದಳು. ನಾನು ಬಾಗಿಲ ಪಕ್ಕ, ಸಾಲಿನ ಕೊನೆಯಲ್ಲಿ ಕೂತೆ. ಆಕೆ ಆ ಹುಡುಗಿಯ ಬಾಯಿಂದಲೇ ಉತ್ತರ ತೆಗೆಸಿ, ಮುಂದಿನವಳ ಕಡೆ ತಿರುಗಿದಳು, ಅದರ ಮುಂದಿನವಳ ಕಡೆ ತಿರುಗಿದಳು. ಸಾಲು ನನ್ನ ಕಡೆಗೇ ಬರುತ್ತಿತ್ತು. ನನ್ನ ಪಕ್ಕದ ಹುಡುಗಿಯ ತನಕ ಬಂದಾಗ ಗಂಟೆ ಹೊಡೆಯಿತು. ಹುಡುಗಿಯರು ಪಾಟಿ ಎತ್ತಿಕೊಂಡು ನನ್ನನ್ನು ತುಳಿದುಕೊಂಡೇ ಹೊರಗೆ ಓಡಿದರು.

ಆಕೆ ಸೀರೆ ಕೊಡವಿಕೊಂಡು ಎದ್ದು ನನ್ನ ಹತ್ತಿರ ಬಂದಳು. ನಕ್ಕಳು. ಸನದು ಸಿಕ್ಕಮೇಲೆ ಮೈಕೈ ತುಂಬಿಕೊಂಡಿದ್ದಳು. ನಾನು ಎದ್ದು ನಿಂತೆ, ಎಲ್ಲ ಜವಾಬುಗಳೂ ನಾಲಿಗೆಯ ತುದಿಯಲ್ಲಿದ್ದವು.

"ಮಾಸ್ತರ್ರು ಆರಾಮ ಅದಾರೇನು?" ಎಂದು ಕೇಳಿದಳು.

ಚಕ್ಕಡಿಯಲ್ಲಿ ಕೂತು ನಾನು ಹಾಕಿಕೊಂಡ ಪ್ರಶ್ನೆಗಳಲ್ಲಿ ಇದೊಂದು ಇರಲಿಲ್ಲ.

"ಅದಾರ್ರಿ," ಎಂದೆ.